ಎಡಗಾಲಿನ ಬಾವು, ಐದು ಬಗೆಯ ಪರೀಕ್ಷೆ: ಹುಬ್ಬಳ್ಳಿ-ಧಾರವಾಡದ ಸ್ಕ್ಯಾನಿಂಗ್ ಸೇವೆಗಳ ಬಗ್ಗೆ ಒಬ್ಬ ರೋಗಿಯ ವಿಮರ್ಶೆ

ಎಡಗಾಲಿನ ಬಾವಿಗೆ ಕಾರಣ ಹುಡುಕುತ್ತ ಹನ್ನೊಂದು ತಿಂಗಳಲ್ಲಿ ನಾನು ಗದಗಿನಿಂದ ಹುಬ್ಬಳ್ಳಿಗೂ ಧಾರವಾಡಕ್ಕೂ ಹದಿನಾಲ್ಕು ಸಲ ಓಡಾಡಿದ್ದೇನೆ. ಈ ಅವಧಿಯಲ್ಲಿ ಎರಡು ಸಲ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್), ಒಂದು ಸಿಟಿ ವೆನೋಗ್ರಾಮ್, ಒಂದು ಎಂ.ಆರ್. ವೆನೋಗ್ರಾಮ್ ಆದವು. ಕಾಲಿನಿಂದ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳ ಚಿತ್ರಕ್ಕೆ ವೆನೋಗ್ರಾಮ್ ಎನ್ನುತ್ತಾರೆ. ಕೊನೆಗೆ, ನಾಳದೊಳಗೆ ತೆಳು ಕೊಳವೆ ಹಾಯಿಸಿ ಕೆಲಸ ಮಾಡುವ ಕ್ಯಾಥ್ ಲ್ಯಾಬಿನಲ್ಲಿ, ನಾಳ ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಔಷಧಿಯನ್ನು ಅದರೊಳಗೆ ಬಿಟ್ಟು ತೆಗೆಯುವ ವೆನೋಗ್ರಾಮ್ ಮತ್ತು ರಕ್ತನಾಳದ ಒಳಗೇ ಅಲ್ಟ್ರಾಸೌಂಡ್ ಇಳಿಸಿ ನೋಡುವ ಐವಸ್, ಇವೆರಡೂ ಒಂದೇ ದಿನ ಮುಗಿದವು. ಗಿರ್ಮಿಟ್ಟಿನ ಅಂಗಡಿಗೂ ಮೊಬೈಲಿನ ಕವರಿಗೂ ಅಭಿಪ್ರಾಯ ಬರೆಯುವ ನಾವು, ಸಾವಿರಗಟ್ಟಲೆ ರೂಪಾಯಿ ತೆತ್ತು ಮಾಡಿಸಿಕೊಳ್ಳುವ ಸ್ಕ್ಯಾನಿಂಗ್ ಬಗ್ಗೆ ಮಾತ್ರ 'ರಿಪೋರ್ಟ್ ಬಂತು' ಎನ್ನುವುದರಾಚೆ ಏನನ್ನೂ ಹೇಳುವುದಿಲ್ಲವೆಂದು ಅನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕೇಂದ್ರಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದೇ ಕೇಂದ್ರದಲ್ಲಿ, ಒಂದೇ ಯಂತ್ರದಲ್ಲಿ, ಒಬ್ಬರೇ ವೈದ್ಯರ ಕೈಯಲ್ಲಿ, ಚೀಟಿಯ ಮೇಲಿನ ಒಂದು ಸಾಲು ಬದಲಾದ ಮಾತ್ರಕ್ಕೆ ನನಗೆ ಎರಡು ಬೇರೆ ಬೇರೆ ಉತ್ತರ ಸಿಕ್ಕಿವೆಯಾದ್ದರಿಂದ ಹೆಸರಿಗಿಂತ ಪರೀಕ್ಷೆಯ ಗುಣಾವಗುಣ ತಿಳಿಯುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ದಿನಕ್ಕೆ ಐದು ತಾಸು ಕರಿಹಲಗೆಯ ಮುಂದೆ ನಿಲ್ಲುವವಳಿಗೆ ಕಾಲು ನೋಯುವುದು ವಿಶೇಷವಲ್ಲ. ಆದರೆ ನಿಲ್ಲುವುದೇ ಕಾರಣವಾಗಿದ್ದರೆ ಎರಡೂ ಕಾಲು ನೋಯಬೇಕಿತ್ತು. ಸಂಜೆಯ ಹೊತ್ತಿಗೆ ಟೇಲರಿಂಗ್ ಟೇಪಿನಿಂದ ಅಳೆದರೆ ನನ್ನ ಎಡ ಮೀನಖಂಡ ಬಲಕ್ಕಿಂತ ಮೂರು ಸೆಂಟಿಮೀಟರ್ ದಪ್ಪವಿರುತ್ತಿತ್ತು, ಹರಡಿನ ಮೇಲಿನ ಚರ್ಮ ಕಂದು ಬಣ್ಣಕ್ಕೆ ತಿರುಗಿತ್ತು, ತುಸು ಜೋರಾಗಿ ನಡೆದರೆ ತೊಡೆ ಒಡೆದುಹೋಗುವಂತೆ ಬಿಗಿಯುತ್ತಿತ್ತು. ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದದ್ದೆಂದು ನಾವು ಹೆಮ್ಮೆಪಡುತ್ತೇವೆ. ಆ ದಿನಗಳಲ್ಲಿ ಅದರ ಕಾಲುಭಾಗ ನಡೆಯುವುದರೊಳಗೆ ನಾನು ಎರಡು ಸಲ ಬೆಂಚು ಹುಡುಕುತ್ತಿದ್ದೆ.

ಇದಕ್ಕೂ ಎರಡು ವರ್ಷ ಮೊದಲು ಒಂದು ಚಿಕಿತ್ಸಾಲಯದಲ್ಲಿ 'ಉಬ್ಬಿದ ನರ' ಎಂದು ಹೇಳಿ ಎಡಗಾಲಿಗೆ ಲೇಸರ್ ಮಾಡಿದ್ದರು. ಆರು ತಿಂಗಳು ಹಗುರವೆನಿಸಿತು, ಆಮೇಲೆ ಬಾವು ಮತ್ತೆ ಬಂತು. ಲೇಸರ್ ತಪ್ಪೆಂದು ನಾನು ಹೇಳುವುದಿಲ್ಲ, ಕಾಲಿನ ಮೇಲ್ಪದರದ ನಾಳದ ಕವಾಟಗಳು ಕೆಟ್ಟಿದ್ದು ನಿಜವೇ ಆಗಿತ್ತು. ಆದರೆ ಚರಂಡಿಯ ನೀರು ಓಣಿಯಲ್ಲಿ ನಿಂತಾಗ ಓಣಿಯನ್ನಷ್ಟೇ ಬಳಿದು, ಮುಂದಿನ ಕೂಡುದಾರಿಯಲ್ಲಿ ಪೈಪು ಒತ್ತಿಹೋಗಿದೆಯೇ ಎಂದು ಯಾರೂ ನೋಡದಿದ್ದಂತೆ ಆಗಿತ್ತು ನನ್ನ ಪರಿಸ್ಥಿತಿ. ಒಂದೇ ಕಾಲಿಗೆ, ಅದೂ ಎಡಗಾಲಿಗೆ, ಬಾವು ಬಂದವರ ಕಿಬ್ಬೊಟ್ಟೆಯನ್ನು ನೋಡದೆ ಲೇಸರಿಗೆ ಹಣ ಕಟ್ಟಿಸಿಕೊಂಡದ್ದರ ಬಗ್ಗೆ ನನ್ನ ಸಿಟ್ಟು ಇನ್ನೂ ಆರಿಲ್ಲ.

ಎಡಗಾಲೇ ಏಕೆ ಎಂಬುದಕ್ಕೆ ಉತ್ತರ ದೇಹರಚನೆಯಲ್ಲಿದೆ. ಎರಡೂ ಕಾಲುಗಳಿಂದ ರಕ್ತವನ್ನು ಹೃದಯಕ್ಕೆ ಮರಳಿಸಲು ಮೇಲೇರುವ ದೊಡ್ಡ ಅಭಿಧಮನಿಗಳು ಹೊಕ್ಕುಳದ ತುಸು ಕೆಳಗೆ, ಬೆನ್ನೆಲುಬಿನ ಬಲಮಗ್ಗುಲಿಗೆ ಕೂಡಿ ಒಂದಾಗುತ್ತವೆ. ಬಲಗಾಲಿನದು ನೆಟ್ಟಗೆ ಏರುತ್ತದೆ, ಎಡಗಾಲಿನದು ಮಾತ್ರ ಬೆನ್ನುಮೂಳೆಯನ್ನು ಅಡ್ಡ ಹಾಯಬೇಕು. ಅಲ್ಲಿ ಅದರ ಮೇಲಿನಿಂದ ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿ ಹಾದುಹೋಗುತ್ತದೆ. ಮೇಲೆ ದಿನಕ್ಕೆ ಲಕ್ಷ ಸಲ ಮಿಡಿಯುವ ಗಟ್ಟಿ ನಾಳ, ಕೆಳಗೆ ಸೊಂಟದ ಐದನೆಯ ಕಶೇರು; ನಡುವೆ ತೆಳುಗೋಡೆಯ ಅಭಿಧಮನಿ ಸಿಕ್ಕಿಬೀಳುತ್ತದೆ. ರಕ್ತದ ಹೆಪ್ಪು ಎಡಗಾಲಿನಲ್ಲೇ ಹೆಚ್ಚೆಂಬುದನ್ನು ಜರ್ಮನಿಯ ವೈದ್ಯ ವಿರ್ಶೋ 1851ರಲ್ಲೇ ಗಮನಿಸಿದ್ದ. 1957ರಲ್ಲಿ ಮೇ ಮತ್ತು ಥರ್ನರ್ ಎಂಬಿಬ್ಬರು 430 ಶವಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 22ರಲ್ಲಿ ಈ ಜಾಗದಲ್ಲಿ ನಾಳದ ಒಳಗೆ ಮುಳ್ಳಿನಂತೆ, ಪರದೆಯಂತೆ ಬೆಳೆದ ಗಡಸು ಅಂಗಾಂಶವನ್ನು ಕಂಡರು. ತೊಂದರೆಗೆ ಮೇ-ಥರ್ನರ್ ಎಂಬ ಹೆಸರು ಬಂದದ್ದು ಹಾಗೆ. ನನ್ನ ವರದಿ ಓದಿದ ನಮ್ಮ ಅತ್ತೆಯವರು ಇದನ್ನು ಮೇ ತಿಂಗಳ ಬಿಸಿಲಿನ ರೋಗವೆಂದೇ ಬಹಳ ದಿನ ತಿಳಿದಿದ್ದರು.

ಈಗ ಪರೀಕ್ಷೆಗಳ ಮಾತು. ಮೊದಲನೆಯ ಡಾಪ್ಲರಿಗೆ ನಾನು ಒಯ್ದ ಚೀಟಿಯಲ್ಲಿ ಇದ್ದದ್ದು 'ಎಡಗಾಲಿನ ಡಾಪ್ಲರ್, ಹೆಪ್ಪು ಇದೆಯೇ ನೋಡಿ' ಎಂದಷ್ಟೇ. ಭ್ರೂಣಲಿಂಗ ಪತ್ತೆ ಇಲ್ಲಿ ಮಾಡುವುದಿಲ್ಲವೆಂಬ ಫಲಕದ ಕೆಳಗೆ ಬಸುರಿಯರ ನಡುವೆ ಮುಕ್ಕಾಲು ತಾಸು ಕುಳಿತು ಒಳಗೆ ಹೋದರೆ, ತೊಡೆಸಂದಿನಿಂದ ಹರಡಿನ ತನಕ ಜೆಲ್ ಹಚ್ಚಿ, ನಾಳವನ್ನು ಅಲ್ಲಲ್ಲಿ ಒತ್ತಿ ನೋಡಿ, ಹತ್ತು ನಿಮಿಷದಲ್ಲಿ ಮುಗಿಸಿದರು. ವರದಿಯಲ್ಲಿ 'ಹೆಪ್ಪು ಇಲ್ಲ' ಎಂದು ಬಂತು. ಅದು ಸುಳ್ಳಲ್ಲ, ಕೇಳಿದ್ದಕ್ಕೆ ಕೊಟ್ಟ ಸರಿಯಾದ ಉತ್ತರ. ಆದರೆ ನನ್ನ ತೊಂದರೆ ಇದ್ದದ್ದು ಅವರು ಕೈ ನಿಲ್ಲಿಸಿದ ಜಾಗಕ್ಕಿಂತ ಒಂದು ಗೇಣು ಮೇಲೆ.

ಎರಡನೆಯ ಸಲ ಹುಬ್ಬಳ್ಳಿಯ ರಕ್ತನಾಳ ಶಸ್ತ್ರಚಿಕಿತ್ಸಕರೊಬ್ಬರು ಚೀಟಿಯಲ್ಲಿ ಮೂರು ಸಾಲು ಬರೆದರು: ಕಿಬ್ಬೊಟ್ಟೆಯ ಅಭಿಧಮನಿಗಳನ್ನು ಕೂಡುವ ಜಾಗದ ತನಕ ನೋಡಬೇಕು, ಎರಡೂ ತೊಡೆಸಂದಿನಲ್ಲಿ ರಕ್ತದ ಹರಿವು ಉಸಿರಾಟಕ್ಕೆ ತಕ್ಕಂತೆ ಏರಿಳಿಯುತ್ತದೆಯೇ ಹೋಲಿಸಬೇಕು, ನಿಲ್ಲಿಸಿಯೂ ಪರೀಕ್ಷಿಸಬೇಕು. ಅದೇ ಕೇಂದ್ರ, ಅವರೇ ರೇಡಿಯಾಲಜಿಸ್ಟ್. ಕರುಳಿನಲ್ಲಿ ಗಾಳಿ ಇದ್ದರೆ ಅಲ್ಟ್ರಾಸೌಂಡ್ ದಾಟುವುದಿಲ್ಲವೆಂದು ಈ ಸಲ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು. ಒಳಗೆ ಮುಕ್ಕಾಲು ತಾಸು ಹಿಡಿಯಿತು. ಮೊದಲು ಬಲ ತೊಡೆಸಂದಿನ ಮೇಲೆ ಪ್ರೋಬ್ ಇಟ್ಟು ಯಂತ್ರದ ಧ್ವನಿ ಏರಿಸಿದರು. ಮಲಗಿದ ಮಗುವಿನ ಉಸಿರಿನಂತೆ ಸದ್ದು ಉಬ್ಬುತ್ತಿತ್ತು, ಇಳಿಯುತ್ತಿತ್ತು. ಎಡಕ್ಕೆ ಇಟ್ಟಾಗ ನಲ್ಲಿಯಲ್ಲಿ ಸಣ್ಣಗೆ ನೀರು ಬಿಟ್ಟಂತೆ ಒಂದೇ ಸಮನೆ 'ಸುಂಯ್' ಎಂದಿತು. "ಅಕ್ಕಾರ, ಕೇಳಿಸ್ತಿಲ್ರಿ ಫರಕು? ಇಲ್ಲಿ ಕಟ್ಟಿಲ್ಲ, ಮ್ಯಾಲೆ ಎಲ್ಲ್ಯೋ ಕಟ್ಟೈತಿ" ಎಂದರು. ಹೊಟ್ಟೆಯ ಮೇಲೆ ಬಲವಾಗಿ ಒತ್ತಿ ಹುಡುಕಿದಾಗ ನಾಳ ಅಡ್ಡ ಹಾಯುವ ಜಾಗದಲ್ಲಿ ತೆರೆಯ ನೀಲಿ ಬಣ್ಣ ಒಮ್ಮೆಗೇ ಹಳದಿ-ಹಸಿರಿನ ಚೂರುಗಳಾಯಿತು. ಇಕ್ಕಟ್ಟಿನ ಜಾಗದಲ್ಲಿ ರಕ್ತ ರಭಸದಿಂದ ನುಗ್ಗುತ್ತದೆಯಂತೆ. ಇಕ್ಕಟ್ಟು ಕಳೆದ ಮೇಲಿನ ವೇಗವು ಅದಕ್ಕೂ ಮೊದಲಿನ ವೇಗದ ಎರಡೂವರೆ ಪಟ್ಟಿಗಿಂತ ಹೆಚ್ಚಾದರೆ ಅಲ್ಲಿ ಗಣನೀಯ ಒತ್ತಡವಿದೆ ಎಂದು ಎಣಿಸುತ್ತಾರೆ. ನನ್ನದು ಮೂರು ದಾಟಿತ್ತು.

ಇಷ್ಟು ಕಡಿಮೆ ಖರ್ಚಿನಲ್ಲಿ, ವಿಕಿರಣವಿಲ್ಲದೆ, ಸೂಜಿಯಿಲ್ಲದೆ, ರಕ್ತ ಹರಿಯುವುದನ್ನು ಆ ಕ್ಷಣದಲ್ಲೇ ನೋಡಿ ಕೇಳಬಹುದಾದ ಪರೀಕ್ಷೆ ಇನ್ನೊಂದಿಲ್ಲ. ಶಿಕ್ಷಕಿಯ ಚಟ ಬಿಡದೆ ಅಂಕ ಕೊಡುವುದಾದರೆ ಎರಡನೆಯ ಡಾಪ್ಲರಿಗೆ 25ಕ್ಕೆ 21. ಕಳೆದ ನಾಲ್ಕು ಅಂಕ ಯಂತ್ರದ ಮಿತಿಗೆ: ಸ್ಥೂಲದೇಹದವರಲ್ಲಿ, ಹೊಟ್ಟೆಯುಬ್ಬರ ಇರುವವರಲ್ಲಿ ಕಿಬ್ಬೊಟ್ಟೆಯ ಆಳ ಕಾಣುವುದೇ ಇಲ್ಲ, ಎಲ್ಲವೂ ಮಾಡುವವರ ಕೈ ಮತ್ತು ತಾಳ್ಮೆಯನ್ನು ನೆಚ್ಚಿಕೊಂಡಿದೆ. ಮೊದಲನೆಯ ಡಾಪ್ಲರಿಗೆ ಅಂಕ ಕೊಡುವುದಿಲ್ಲ. ಪ್ರಶ್ನೆಪತ್ರಿಕೆಯೇ ತಪ್ಪಿದ್ದಾಗ ಉತ್ತರಪತ್ರಿಕೆಗೆ ಸೊನ್ನೆ ಹಾಕುವುದು ನ್ಯಾಯವಲ್ಲ.

ಸಿಟಿ ವೆನೋಗ್ರಾಮಿಗೆ ಬೇರೊಂದು ಕೇಂದ್ರಕ್ಕೆ ಹೋದೆ. ಹಿಂದಿನ ದಿನ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಂಡು ಬರಬೇಕಿತ್ತು, ಏಕೆಂದರೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧಿಯನ್ನು ಮೂತ್ರಪಿಂಡಗಳೇ ಹೊರಹಾಕಬೇಕು. ರಾತ್ರಿ ಹತ್ತರಿಂದ ಉಪವಾಸ, ನೀರೂ ಇಲ್ಲ; ಬೆಳಗಿನ ಒಂಬತ್ತಕ್ಕೆ ಕೊಟ್ಟ ಸಮಯ ಮಧ್ಯಾಹ್ನ ಹನ್ನೆರಡೂವರೆಗೆ ಜಾರಿತು. ನನಗಿಂತ ಮೊದಲು ಒಳಗೆ ಹೋದ ಅಣ್ಣಿಗೇರಿ ಕಡೆಯ ಒಬ್ಬ ಅಜ್ಜಿಗೆ, ಉಸಿರು ಹಿಡಿಯಿರಿ ಎಂದು ಯಂತ್ರ ಹಿಂದಿಯಲ್ಲಿ ಹೇಳಿದ್ದು ತಿಳಿಯದೆ ಎರಡು ಸಲ ಸ್ಕ್ಯಾನ್ ಕೆಟ್ಟಿತು. ಕೊನೆಗೆ ತಂತ್ರಜ್ಞ ಹುಡುಗ ಬಾಗಿಲಲ್ಲಿ ನಿಂತು "ಆಯೀ, ಉಸರ ಹಿಡಿ, ಬಿಡಬ್ಯಾಡ" ಎಂದು ಕೂಗಿದ ಮೇಲೆ ಕೆಲಸವಾಯಿತು. ಲಕ್ಷ ಲಕ್ಷದ ಯಂತ್ರಕ್ಕೆ ಕನ್ನಡದ ನಾಲ್ಕು ವಾಕ್ಯ ಧ್ವನಿಮುದ್ರಿಸಿ ಹಾಕುವುದು ಅಷ್ಟು ಕಷ್ಟವೇ ಎಂಬ ಪ್ರಶ್ನೆ ಕೌಂಟರಿನಲ್ಲಿ ಕೇಳಿದೆ, ಅವರು ನಕ್ಕರು.

ಸಿಟಿಯಲ್ಲಿ ಗುಟ್ಟಿರುವುದು ಸಮಯದಲ್ಲಿ. ಕೈಯ ನಾಳಕ್ಕೆ ಚುಚ್ಚಿದ ಔಷಧಿ ಹೃದಯಕ್ಕೆ ಹೋಗಿ, ಅಪಧಮನಿಗಳ ಮೂಲಕ ಕಾಲಿಗಿಳಿದು, ಅಲ್ಲಿಂದ ಅಭಿಧಮನಿಗಳಲ್ಲಿ ಮೇಲೇರಬೇಕು. ಸಾಮಾನ್ಯ ಹೊಟ್ಟೆಯ ಸಿಟಿಯನ್ನು ಚುಚ್ಚಿದ ಒಂದು ನಿಮಿಷ ಚಿಲ್ಲರೆಯಲ್ಲಿ ತೆಗೆದುಬಿಡುತ್ತಾರೆ. ಅಭಿಧಮನಿ ನೋಡಬೇಕಾದರೆ ಎರಡರಿಂದ ಮೂರು ನಿಮಿಷ ಕಾಯಬೇಕು. ಬೇಗ ತೆಗೆದರೆ ಔಷಧಿ ಬೆರೆತ ರಕ್ತವೂ ಬೆರೆಯದ ರಕ್ತವೂ ಒಟ್ಟಿಗೆ ಕಂಡು, ಇಲ್ಲದ ಹೆಪ್ಪು ಇದ್ದಂತೆ ತೋರುತ್ತದೆ. ಇದನ್ನು ನಾನು ಮೊದಲೇ ಕೇಳಿ ತಿಳಿದಿದ್ದರಿಂದ 'ಇದು ವೆನೋಗ್ರಾಮ್, ಬರೀ ಹೊಟ್ಟೆಯ ಸಿಟಿ ಅಲ್ಲ' ಎಂದು ತಂತ್ರಜ್ಞನಿಗೆ ಚೀಟಿ ತೋರಿಸಿದೆ. ಅವನು ಬೇಸರಿಸದೆ ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿ ಸಮಯ ಬದಲಿಸಿಕೊಂಡದ್ದು ಆ ಕೇಂದ್ರದ ಬಗ್ಗೆ ನಾನು ಹೇಳಬಹುದಾದ ಅತ್ಯುತ್ತಮ ಮಾತು. ಔಷಧಿ ಒಳಹೋಗುವಾಗ ಮೈಯೆಲ್ಲ ಬೆಚ್ಚಗಾಗಿ ಮೂತ್ರ ಹೋದಂತೆ ಭಾಸವಾಗುತ್ತದೆ. ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ. ಸ್ಕ್ಯಾನ್ ಆಗಿ ಮುಗಿಯುವುದು ಸೆಕೆಂಡುಗಳ ಮಾತು.

ಬಂದ ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ವೈದ್ಯರು ಪರದೆಯ ಮೇಲೆ ತೋರಿಸಿದಾಗ ನನ್ನಂಥವಳಿಗೂ ಅರ್ಥವಾಯಿತು: ಮೂಳೆಗೂ ಅಪಧಮನಿಗೂ ನಡುವೆ ನಾಳ ಒಂದು ಗೆರೆಯಾಗಿತ್ತು. ಗಡ್ಡೆ, ಗರ್ಭಕೋಶದ ನಾರುಗಡ್ಡೆ, ಊದಿದ ಗ್ರಂಥಿ, ಇಂಥ ಬೇರೇನಾದರೂ ಹೊರಗಿನಿಂದ ಒತ್ತುತ್ತಿಲ್ಲವೆಂಬುದೂ ಖಚಿತವಾಯಿತು. ಇದು ಡಾಪ್ಲರಿನಿಂದ ಆಗದ ಕೆಲಸ, ಮತ್ತು ನನ್ನ ಲೆಕ್ಕದಲ್ಲಿ ಸಿಟಿಗೆ ಹಣ ಕೊಡಬೇಕಾದದ್ದು ಮುಖ್ಯವಾಗಿ ಇದಕ್ಕೇ. ವರದಿಯಲ್ಲಿ 'ಶೇಕಡಾ 70ರಷ್ಟು ಒತ್ತಡ' ಎಂದಿತ್ತು.

ಈ 70 ಎಂಬ ಸಂಖ್ಯೆ ನನ್ನ ಒಂದು ವಾರದ ನಿದ್ದೆ ಕೆಡಿಸಿತು. ಆಮೇಲೆ ಶಸ್ತ್ರಚಿಕಿತ್ಸಕರು ಹೇಳಿದ ಸಂಗತಿಯನ್ನು ಇಂಥ ವರದಿ ಕೈಯಲ್ಲಿ ಹಿಡಿದ ಪ್ರತಿಯೊಬ್ಬರೂ ತಿಳಿದಿರಬೇಕು. 2004ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಕಾಲಿನ ಯಾವ ತೊಂದರೆಯೂ ಇಲ್ಲದೆ ಬೇರೆ ಕಾರಣಕ್ಕೆ ಹೊಟ್ಟೆಯ ಸಿಟಿ ಮಾಡಿಸಿಕೊಂಡ 50 ಜನರ ಚಿತ್ರಗಳನ್ನು ನೋಡಿದಾಗ, ಅವರಲ್ಲಿ ಶೇಕಡಾ 24 ಜನರಲ್ಲಿ ಈ ನಾಳ ಅರ್ಧಕ್ಕಿಂತ ಹೆಚ್ಚು ಒತ್ತಿಹೋಗಿತ್ತು. ಅಂದರೆ ಹುಬ್ಬಳ್ಳಿಯ ಚಿಗರಿ ಬಸ್ಸಿನಲ್ಲಿ ನನ್ನ ಜೊತೆ ಕುಳಿತವರಲ್ಲೂ ಎಷ್ಟೋ ಜನರಿಗೆ ಇಂಥ ಚಿತ್ರವೇ ಬಂದೀತು, ಅವರ ಕಾಲು ಮಾತ್ರ ಚೆನ್ನಾಗಿಯೇ ಇರುತ್ತದೆ. ಸಿಟಿ ಒತ್ತಡವನ್ನು ತೋರಿಸುತ್ತದೆ, ಆ ಒತ್ತಡವೇ ರೋಗವೆಂದು ಅದು ಹೇಳಲಾರದು. ಅದಕ್ಕೆ ಬಾವು, ಬಣ್ಣ ತಿರುಗಿದ ಚರ್ಮ, ಹರಿವಿನ ಬದಲಾವಣೆ, ಅಡ್ಡದಾರಿ ಹಿಡಿದು ಬೆಳೆದ ಉಪನಾಳಗಳು ಇವೆಲ್ಲ ಜೊತೆಗೂಡಬೇಕು. ಶೇಕಡಾವಾರು ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ, ಉಪನಾಳಗಳ ಬಗ್ಗೆ ಒಂದು ಸಾಲೂ ಬರೆಯದ ಆ ವರದಿಗೆ 25ಕ್ಕೆ 15.

ಹಾಗಿದ್ದರೆ ಎಂ.ಆರ್. ವೆನೋಗ್ರಾಮ್ ಏಕೆ ಬೇಕಾಯಿತು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಬೇಕಿರಲಿಲ್ಲ. ಸಂಬಂಧಿಕರೊಬ್ಬರ ಒತ್ತಾಯಕ್ಕೆ ಧಾರವಾಡದಲ್ಲಿ ಎರಡನೆಯ ಅಭಿಪ್ರಾಯ ಕೇಳಲು ಹೋದಾಗ ಮಾಡಿಸಿದ್ದು. ವಿಕಿರಣವಿಲ್ಲವೆಂಬುದು ಇದರ ದೊಡ್ಡ ಗುಣ. ಹರೆಯದ ಹೆಣ್ಣುಮಕ್ಕಳಿಗೆ, ಬಹುಕಾಲದ ಕಿಬ್ಬೊಟ್ಟೆ ನೋವಿರುವವರಿಗೆ, ಅಂಡಾಶಯದ ಸುತ್ತ ಉಬ್ಬಿದ ನಾಳಗಳ ಸಂಶಯವಿರುವವರಿಗೆ ಇದು ಸಿಟಿಗಿಂತ ಮೇಲು. ಅಯೋಡಿನ್ ಒಗ್ಗದವರಿಗೂ ಇದು ದಾರಿ, ಆದರೆ ಮೂತ್ರಪಿಂಡ ತೀರ ದುರ್ಬಲವಾಗಿದ್ದರೆ ಇಲ್ಲಿ ಬಳಸುವ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟಿಗೂ ಎಚ್ಚರಿಕೆ ಬೇಕು. ಕಾಂಟ್ರಾಸ್ಟ್ ಇಲ್ಲದೆ ಹರಿವನ್ನೇ ನೆಚ್ಚಿ ತೆಗೆಯುವ ವಿಧಾನವೂ ಉಂಟು. ನಿಧಾನವಾಗಿ ಹರಿಯುವ ಜಾಗದಲ್ಲಿ ಅದು ಇಕ್ಕಟ್ಟನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಬಡಿತದ ಸದ್ದಿನಲ್ಲಿ ನಲವತ್ತು ನಿಮಿಷ ಅಲುಗದೆ ಮಲಗಬೇಕು.

ಗುಳದಾಳಿ, ಬಳೆ, ಓಲೆ ಎಲ್ಲ ತೆಗೆದುಕೊಟ್ಟೆ. ಎಡಗಾಲಿನ ಕಾಲುಂಗುರ ಮಾತ್ರ ಬಾವಿನಿಂದ ಹೂತುಹೋಗಿ ಬರಲೊಲ್ಲದು. ನರ್ಸಮ್ಮ ಪಕ್ಕದ ಕೋಣೆಯಿಂದ ಡಾಪ್ಲರಿನ ಜೆಲ್ ತಂದು, ಬೆರಳಿಗೆ ಹಚ್ಚಿ, ನೆಲದ ಮೇಲೆ ಕುಳಿತು ಹತ್ತು ನಿಮಿಷ ತಿರುವಿ ತಿರುವಿ ತೆಗೆದರು. ಆ ಕೇಂದ್ರದ ಸ್ವಚ್ಛತೆಗೆ, ಸಮಯಪಾಲನೆಗೆ, ಆ ನರ್ಸಮ್ಮನಿಗೆ ಪೂರ್ತಿ ಅಂಕ. ಆದರೆ ವರದಿಯಲ್ಲಿ ಒತ್ತಡ ಶೇಕಡಾ 50 ಎಂದು ಬಂತು! ಸಿಟಿಯಲ್ಲಿ 70, ಎಂ.ಆರ್.ನಲ್ಲಿ 50. ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಒಂದು ಯಂತ್ರ ಸುಳ್ಳು ಹೇಳಿದೆ ಎಂದು ನನ್ನ ಯಜಮಾನರು, ಎರಡೂ ಸುಳ್ಳು ಎಂದು ಮೈದುನ.

ಎರಡೂ ಸುಳ್ಳು ಹೇಳಿರಲಿಲ್ಲ. ಅಭಿಧಮನಿ ಗಟ್ಟಿ ಪೈಪಲ್ಲ. ಅದರೊಳಗಿನ ಒತ್ತಡ ಕಡಿಮೆ, ಗೋಡೆ ತೆಳು. ನೀರು ಕುಡಿಯದೆ ಬಂದರೆ ಅದು ಸೊರಗುತ್ತದೆ, ಅಂಗಾತ ಮಲಗಿದಾಗ ಒಂದು ಅಳತೆ, ಮಗ್ಗುಲಾದಾಗ ಇನ್ನೊಂದು, ಉಸಿರು ಹಿಡಿದಾಗ ಮತ್ತೊಂದು. ಸಿಟಿಯ ದಿನ ನಾನು ಹದಿನಾಲ್ಕು ತಾಸು ನೀರಿಲ್ಲದೆ ಒಣಗಿದ್ದೆ, ಎಂ.ಆರ್. ದಿನ ನೀರು ಕುಡಿದು ಬರಲು ಹೇಳಿದ್ದರು. ಎರಡರಲ್ಲೂ ಅಳೆದದ್ದು ಆಯಾ ದಿನದ ಒಂದು ಕ್ಷಣವನ್ನು ಮಾತ್ರ, ಒಂದು ಭಂಗಿಯಲ್ಲಿ ಮಾತ್ರ. ಸ್ಕ್ಯಾನಿಂಗ್ ಕೇಂದ್ರಗಳು ವರದಿಯ ಮೇಲೆ 'ರೋಗಿ ಇಷ್ಟು ತಾಸು ನೀರಿಲ್ಲದೆ ಇದ್ದರು' ಎಂದು ಬರೆಯುವ ಪದ್ಧತಿ ಹಾಕಿಕೊಂಡರೆ ಎಷ್ಟೋ ಮನೆಗಳ ಜಗಳ ತಪ್ಪೀತು.

ಕೊನೆಯ ಹಂತ ಹುಬ್ಬಳ್ಳಿಯಲ್ಲಿ. ಹೃದ್ರೋಗಕ್ಕೆ ಬಳಸುವ ಐವಸ್ ಯಂತ್ರ ಹಲವು ಕ್ಯಾಥ್ ಲ್ಯಾಬುಗಳಲ್ಲಿ ಇರುತ್ತದೆ, ಆದರೆ ಹೃದಯದ ಸಣ್ಣ ನಾಳಗಳಿಗೆಂದು ಮಾಡಿದ ಕ್ಯಾತಿಟರಿನ (ನಾಳದೊಳಗೆ ಹಾಯಿಸುವ ತೆಳು ಕೊಳವೆಯ) ದೃಷ್ಟಿ ಕಿಬ್ಬೊಟ್ಟೆಯ ಅಗಲವಾದ ಅಭಿಧಮನಿಯ ಗೋಡೆಯ ತನಕ ಮುಟ್ಟುವುದಿಲ್ಲ. ದೊಡ್ಡ ನಾಳದ ಕ್ಯಾತಿಟರನ್ನು ನನಗಾಗಿ ಬೆಂಗಳೂರಿನಿಂದ ತರಿಸಬೇಕಾಯಿತು, ಅದು ಬರುವುದು ತಡವಾಗಿ ದಿನಾಂಕ ಒಂದು ಸಲ ಮುಂದೆ ಹೋಯಿತು, ಅದನ್ನು ನನಗೆ ತಿಳಿಸಿದ್ದು ನಾನು ಗದಗಿನಲ್ಲಿ ರೈಲು ಹತ್ತಿದ ಮೇಲೆ. 'ಇಲ್ಲಿ ಐವಸ್ ಇದೆ' ಎಂದು ಆಸ್ಪತ್ರೆಯವರು ಹೇಳಿದರೆ 'ಅಭಿಧಮನಿಗೆ ಬೇಕಾದ ಕ್ಯಾತಿಟರ್ ಇದೆಯೇ' ಎಂದು ಎರಡನೆಯ ಪ್ರಶ್ನೆ ಕೇಳಬೇಕು.

ತೊಡೆಯ ನಡುವಿನ ಅಭಿಧಮನಿಗೆ ಡಾಪ್ಲರಿನಿಂದ ನೋಡುತ್ತಲೇ ಸೂಜಿ ಹಾಕಿದರು. ಅಲ್ಲಿಗಷ್ಟೇ ಮರಗಟ್ಟಿಸಿದ್ದರು, ಮಂಪರು ಬರಿಸಿದ್ದರೂ ಎಚ್ಚರವಿತ್ತು, ತೆರೆ ನನಗೂ ಕಾಣುತ್ತಿತ್ತು. ಮೊದಲು ವೆನೋಗ್ರಾಮ್: ಕಾಂಟ್ರಾಸ್ಟ್ ಬಿಟ್ಟಾಗ ನಾಳದ ನೆರಳು ಕಪ್ಪಾಗಿ ಮೇಲೇರಿತು. ಇಕ್ಕಟ್ಟಾಗಿ ಕಾಣಬೇಕಾದ ಜಾಗ ಇಕ್ಕಟ್ಟಾಗಿರದೆ ತುಸು ಅಗಲವಾಗಿಯೇ ಕಂಡಿತು. ಅಲ್ಲಿ ಕಪ್ಪು ಮಾತ್ರ ತೆಳುವಾಗಿತ್ತು, ಪಕ್ಕದಿಂದ ಬೇರಿನಂಥ ಉಪನಾಳಗಳು ಬಲಕ್ಕೆ ಹರಿದಿದ್ದವು. ಹಲಗೆಯ ಮೇಲೆ ಜೋಳದ ರೊಟ್ಟಿ ಬಡಿಯುವವರಿಗೆ ಇದು ತಕ್ಷಣ ತಿಳಿಯುತ್ತದೆ: ಹಿಟ್ಟಿನ ಮುದ್ದೆ ಬಡಿದಷ್ಟೂ ಮೇಲಿನಿಂದ ನೋಡುವವರಿಗೆ ದೊಡ್ಡದಾಗುತ್ತದೆ, ತೆಳುವಾದದ್ದು ತಿಳಿಯಬೇಕಾದರೆ ಅಂಚಿನಿಂದ ನೋಡಬೇಕು. ನಾಳ ಮುಂದಿನಿಂದ ಹಿಂದಕ್ಕೆ ಒತ್ತಿಹೋಗಿರುವಾಗ ಮುಂದಿನಿಂದ ತೆಗೆದ ನೆರಳುಚಿತ್ರ ಮೋಸಮಾಡುವುದು ಹೀಗೆ. ಹಲವು ದಶಕಗಳ ಕಾಲ ವೈದ್ಯರು ಇದನ್ನೇ ಅಂತಿಮ ಪ್ರಮಾಣವೆಂದು ನಂಬಿದ್ದರೆನ್ನುವುದು ನೆನೆದರೆ ದಿಗಿಲಾಗುತ್ತದೆ.

ಆಮೇಲೆ ಐವಸ್. ಕ್ಯಾತಿಟರನ್ನು ಮೇಲೆ ತಳ್ಳಿ, ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತ ಬಂದಂತೆ ತೆರೆಯ ಮೇಲೆ ನಾಳದ ಅಡ್ಡಕೊಯ್ತ ಒಂದಾದ ಮೇಲೊಂದು ಬಂದವು. ಬೂದು ಬಣ್ಣದ ನಡುವೆ ಕಪ್ಪು ದುಂಡಗಿನ ಬಾವಿ. ಕೂಡುದಾರಿ ದಾಟಿದ್ದೇ ತಡ ಆ ದುಂಡು ಚಪ್ಪಟೆಯಾಯಿತು, ಅದರ ಮೇಲೆ ಅಪಧಮನಿ ಟಕ್ ಟಕ್ ಎಂದು ಮಿಡಿಯುತ್ತಿರುವುದು ಕಣ್ಣಿಗೆ ಕಂಡಿತು. ವೈದ್ಯರು ಅಲ್ಲಿಯೇ ನಿಲ್ಲಿಸಿ, ನನಗೆ ಉಸಿರು ಎಳೆದು ಬಿಡಲು ಹೇಳಿ, ಕಡುಇಕ್ಕಟ್ಟಿನ ಜಾಗದ ಸುತ್ತ ಗೆರೆ ಎಳೆದರು: 59 ಚದರ ಮಿಲಿಮೀಟರ್. ಕೆಳಗಿನ ಆರೋಗ್ಯವಂತ ಭಾಗದಲ್ಲಿ 164.

ಇಲ್ಲಿ ಗಣಿತದವಳಾಗಿ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಈ ನಾಳದ ಸಹಜ ವ್ಯಾಸ ಸುಮಾರು 16 ಮಿಲಿಮೀಟರ್, ಹಾಗಾಗಿ ವಿಸ್ತೀರ್ಣ ಸುಮಾರು 201. ನನ್ನ ನಾಳದ ಇಕ್ಕಟ್ಟಾದ ಜಾಗ 18.8 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ದೀರ್ಘವೃತ್ತ. ಇವೆರಡನ್ನೂ ಗುಣಿಸಿ, ಬಂದದ್ದನ್ನು ಪೈಯ ನಾಲ್ಕನೆಯ ಒಂದು ಭಾಗದಿಂದ ಗುಣಿಸಿದರೆ 59 ಬರುತ್ತದೆ. ಮುಂದಿನಿಂದ ನೋಡಿದ ವೆನೋಗ್ರಾಮಿಗೆ 18.8 ಕಂಡಿತ್ತು, ಹಾಗಾಗಿ ಅದು 'ಅಗಲವಾಗಿದೆ' ಎಂದಿತು. ಸಿಟಿಯವರು 4 ಮಿಲಿಮೀಟರ್ ದಪ್ಪವನ್ನು ಕೆಳಗಿನ ಭಾಗದ 13ಕ್ಕೆ ಹೋಲಿಸಿ ಸುಮಾರು 70 ಎಂದಿದ್ದರು, ಎಂ.ಆರ್. ದಿನ ಅದೇ ದಪ್ಪ ಆರೂವರೆ ಇದ್ದು 50 ಬಂದಿತ್ತು. ಐವಸ್ ವಿಸ್ತೀರ್ಣವನ್ನು ಅಳೆದು ಶೇಕಡಾ 64 ಕಡಿತ ಎಂದಿತು. ಯಾರ ಲೆಕ್ಕವೂ ತಪ್ಪಲ್ಲ, ಆದರೆ ರಕ್ತ ಹರಿಯುವುದು ವಿಸ್ತೀರ್ಣದಲ್ಲಿ.

ಈ ವ್ಯತ್ಯಾಸ ನನ್ನೊಬ್ಬಳ ಅನುಭವವಲ್ಲ. 2017ರಲ್ಲಿ ಪ್ರಕಟವಾದ, ವಿಡಿಯೊ ಎಂಬ ಹೆಸರಿನ ಅಧ್ಯಯನದಲ್ಲಿ 100 ರೋಗಿಗಳಿಗೆ ಮೂರು ಕೋನಗಳ ವೆನೋಗ್ರಾಮನ್ನೂ ಐವಸನ್ನೂ ಮಾಡಿ ಹೋಲಿಸಿದರು. ವೆನೋಗ್ರಾಮ್ ನೋಡಿ ಹಾಕಿದ ಚಿಕಿತ್ಸೆಯ ಯೋಜನೆ ಐವಸ್ ನೋಡಿದ ಮೇಲೆ 57 ಜನರಲ್ಲಿ ಬದಲಾಯಿತು. ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಯಾಗಿರಬೇಕೆಂಬುದು ಆ ಅಧ್ಯಯನ ಹಿಡಿದ ಗೆರೆ. ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿಯ ಕೊಳವೆ) ಹಾಕಿದ ಮೇಲೆ ಯಾರಿಗೆ ಗುಣ ಕಂಡಿತೆಂದು ಅದೇ ರೋಗಿಗಳಲ್ಲಿ ಮುಂದೆ ನೋಡಿದಾಗ ಶೇಕಡಾ 54ರ ಸುತ್ತ ಗೆರೆ ಬಂತು. ನನ್ನ 64 ಅದರಾಚೆ ಇತ್ತು, ರೋಗಲಕ್ಷಣವೂ ಇತ್ತು, ಎರಡೂ ಸೇರಿದ್ದರಿಂದ ಸ್ಟೆಂಟ್ ಹಾಕಲು ನಿರ್ಧರಿಸಿದರು.

ಚಿಕಿತ್ಸೆಯಲ್ಲಿ ಐವಸ್ಸಿನ ನಿಜವಾದ ಬೆಲೆ ತಿಳಿದದ್ದು ಅಲ್ಲಿಂದ ಮುಂದೆ. ಸ್ಟೆಂಟ್ ಎಷ್ಟು ದಪ್ಪದ್ದು, ಎಲ್ಲಿಂದ ಎಲ್ಲಿಯ ತನಕ, ಕೂಡುದಾರಿಯಿಂದ ಎಷ್ಟು ಆಚೆ ಎಂಬುದೆಲ್ಲ ಅದರ ಅಳತೆಯಿಂದಲೇ ತೀರ್ಮಾನವಾಯಿತು. ಸಣ್ಣದು ಹಾಕಿದರೆ ಜಾರಿ ಹೃದಯದ ಕಡೆ ಹೋಗುವ ಅಪಾಯ, ತೀರ ಮೇಲೆ ಚಾಚಿದರೆ ಬಲಗಾಲಿನ ರಕ್ತಕ್ಕೆ ಅಡ್ಡಿ. 16 ಮಿಲಿಮೀಟರ್ ವ್ಯಾಸದ, ತಾನಾಗಿ ಅರಳುವ, ನಿಟಿನಾಲ್ ಎಂಬ ಲೋಹದ ಸ್ಟೆಂಟ್ ಕೂರಿಸಿ, ಬಲೂನ್ ಉಬ್ಬಿಸಿ, ಮತ್ತೆ ಐವಸ್ ಎಳೆದರು. ಒಂದು ಕಡೆ ಪೂರ್ತಿ ಅರಳಿರಲಿಲ್ಲ, ವೆನೋಗ್ರಾಮಿನಲ್ಲಿ ಅದು ಸರಿಯಾಗಿಯೇ ಕಂಡಿತ್ತು. ಇನ್ನೊಮ್ಮೆ ಬಲೂನ್ ಉಬ್ಬಿಸಿದ ಮೇಲೆ 59 ಇದ್ದದ್ದು 182 ಆಯಿತು. ಐವಸ್ಸಿಗೆ ಕಾಂಟ್ರಾಸ್ಟ್ ಬೇಡ, ಅದರಿಂದ ಎಕ್ಸ್‌ರೇ ಉರಿಸುವ ಹೊತ್ತೂ ಕಡಿಮೆಯಾಗುತ್ತದೆ.

ಕೆಡುಕು ಎಂದರೆ ಬಿಲ್ಲು. ಒಂದೇ ಸಲ ಬಳಸುವ ಆ ಕ್ಯಾತಿಟರಿಗೆ ಕೊಟ್ಟ ಹಣದ ಅರ್ಧಕ್ಕೂ ನನ್ನ ಡಾಪ್ಲರ್, ಸಿಟಿ, ಎಂ.ಆರ್. ಮೂರೂ ಸೇರಿ ಬರಲಿಲ್ಲ. ನನ್ನ ವಿಮಾ ಸಂಸ್ಥೆಯವರು ಸ್ಟೆಂಟನ್ನು ಒಪ್ಪಿ, ಕ್ಯಾತಿಟರಿಗೆ ಎರಡು ಸಲ ಪತ್ರ ಬರೆಸಿಕೊಂಡರು. ದಾಖಲಾಗುವ ಮೊದಲೇ ಇದರ ಬಗ್ಗೆ ಲಿಖಿತವಾಗಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು, ಇದು ದೇಹದೊಳಗೆ ಹೋಗುವ ಪರೀಕ್ಷೆ, ಕುತೂಹಲಕ್ಕೆ ಮಾಡಿಸುವಂಥದ್ದಲ್ಲ. ಸ್ಟೆಂಟ್ ಹಾಕುವ ವಿಚಾರ ಗಂಭೀರವಾಗಿ ಎದುರಿಗೆ ಬಂದಾಗ ಮಾತ್ರ ಇದರ ಬಾಗಿಲು ಬಡಿಯಬೇಕು. ದುಬಾರಿಯಾದರೂ 25ಕ್ಕೆ 23 ಕೊಡುತ್ತೇನೆ. ಮತ್ತೊಮ್ಮೆ ಮೊದಲಿನಿಂದ ಶುರುಮಾಡುವುದಾದರೆ ಸರಿಯಾದ ಚೀಟಿಯೊಡನೆ ಡಾಪ್ಲರ್, ಹೊರಗಿನ ಗಡ್ಡೆ ಇಲ್ಲವೆಂದು ತಿಳಿಯಲು ಸಿಟಿ ಅಥವಾ ಎಂ.ಆರ್. ಎರಡರಲ್ಲಿ ಒಂದು, ಆಮೇಲೆ ನೇರವಾಗಿ ಐವಸ್. ನಡುವಿನ ಏಳು ತಿಂಗಳು ಉಳಿಯುತ್ತಿದ್ದವು.

ಸ್ಟೆಂಟ್ ಆದ ಮೇಲೆ ಹತ್ತು ದಿನ ಸೊಂಟ ಹಿಡಿದಂತಿತ್ತು, ಅದು ಸಾಮಾನ್ಯವೆಂದು ಮೊದಲೇ ಹೇಳಿದ್ದರು. ರಕ್ತ ತೆಳುವಾಗಿಸುವ ಮಾತ್ರೆ ನಡೆದಿದೆ. ಮೂರನೆಯ ತಿಂಗಳ ತಪಾಸಣೆಗೆ ಅದೇ ಹಳೆಯ ಡಾಪ್ಲರ್ ಕೇಂದ್ರಕ್ಕೆ ಹೋದೆ, ಈ ಸಲ ಚೀಟಿಯನ್ನು ವೈದ್ಯರಿಂದ ಇನ್ನೂ ಎರಡು ಸಾಲು ಉದ್ದ ಬರೆಸಿಕೊಂಡಿದ್ದೆ. ರೇಡಿಯಾಲಜಿಸ್ಟ್ ಅದನ್ನು ಓದಿ "ಅಕ್ಕಾರ, ಪರೀಕ್ಷೆ ನಮಗ ಇಟ್ಟೀರಿ" ಎಂದು ನಕ್ಕು, ಎಡ ತೊಡೆಸಂದಿನ ಮೇಲೆ ಪ್ರೋಬ್ ಇಟ್ಟು ಧ್ವನಿ ಏರಿಸಿದರು. ನಾನು ಉಸಿರು ಎಳೆದೆ, ಸದ್ದು ಇಳಿಯಿತು. ಬಿಟ್ಟೆ, ಸದ್ದು ಏರಿತು.